ಪ್ರತಿಕ್ರಿಯೆ: 20 ಬಂಗಡೆಗೆ ಆರು ಜನರೋ, 60ಕ್ಕೆ ಇಬ್ಬರೋ?

ಕಾರವಾರ ಮಾರ್ಕೆಟ್ಟಿನ ಬಂಗಡೆಗೆ ತಾಜಾತನದ ಅಂಕ ಹಾಕುವವರ ಅಂಕಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ನೋಡಬೇಕು, ಒಟ್ಟು 120 ಸಲ ಅಂಕ ಹಾಕಿಸುವಷ್ಟೇ ಶಕ್ತಿ ಇದೆ ಅಂದಿದ್ದೀರಿ. 20 ಮೀನು, ಪ್ರತಿ ಮೀನಿಗೂ ಆರು ಜನ ಅನ್ನುವ ನಿಮ್ಮ ಯೋಜನೆ ಬೇಡ.

ಹೊಂದಾಣಿಕೆಯ ಅಳತೆ, ಅಂದರೆ ಐಸಿಸಿ (ಅಂಕಗಳ ಒಟ್ಟು ಏರುಪೇರಿನಲ್ಲಿ ಮೀನು-ಮೀನಿನ ನಡುವಿನ ವ್ಯತ್ಯಾಸದ ಪಾಲು), 0.8ರ ಆಸುಪಾಸು ಇದ್ದರೆ ಆ ಯೋಜನೆಯಲ್ಲಿ ಅದರ ಸ್ಟ್ಯಾಂಡರ್ಡ್ ಎರರ್, ಅಂದರೆ ನಮ್ಮ ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನುವುದು, ಸುಮಾರು 0.059 ಬರುತ್ತದೆ. 60 ಮೀನು, ಇಬ್ಬರು ಅಂದರೆ 0.047. 40 ಮೀನು, ಮೂವರು ಅಂದರೆ 0.048. ವ್ಯತ್ಯಾಸ ಇಲ್ಲ ಅನ್ನುವಷ್ಟೇ, ಆದರೆ 20 ಮೀನಿನ ದುಡ್ಡು ಉಳಿಯಿತು ಅಲ್ವಾ? ನಾನಾದರೆ ಇದನ್ನೇ ಆರಿಸುತ್ತೇನೆ.

ಲೆಕ್ಕ ಸುಲಭ: ಒಟ್ಟು ಅಂಕಗಳ ಸಂಖ್ಯೆ ಮೊದಲೇ ಗೊತ್ತಿದ್ದರೆ, ಮೀನೊಂದಕ್ಕೆ ಬೇಕಾದ ಜನ 1 + 1/ಐಸಿಸಿ. ಐಸಿಸಿ 0.8 ಆದರೆ 2.25, 0.5 ಆದರೆ 3, 0.25 ಆದರೆ 5. ಮೀನು ದುಬಾರಿ, ಜನ ಅಗ್ಗ ಅಂತಾದರೆ ಜನರನ್ನು ಸ್ವಲ್ಪ ಜಾಸ್ತಿ ಮಾಡಿ.

ಇನ್ನೊಂದು ಮಾತು. ಕಿವಿರು ಎತ್ತಿ, ಹೊಟ್ಟೆ ಒತ್ತಿ ನೋಡುವ ಕೆಲಸ ಇದು. ಆರನೆಯವರ ಕೈಗೆ ಬರುವಷ್ಟರಲ್ಲಿ ಮೀನು ಮೆತ್ತಗಾಗಿರುತ್ತದೆ, ಅವರು ನೋಡುವುದು ಬೇರೆಯೇ ಮೀನು. ಮೀನನ್ನು ಐಸಿನಲ್ಲೇ ಇಡಿ, ಯಾರು ಮೊದಲು ನೋಡಬೇಕು ಅನ್ನುವುದನ್ನು ಪ್ರತಿ ಮೀನಿಗೂ ಚೀಟಿ ಎತ್ತಿ ಬದಲಿಸಿ.

ನಾವು ಒಮ್ಮೆ ಬೆಳಿಗ್ಗೆ ಒಂದೇ ದೋಣಿಯ ಮೀನು ಕೊಂಡು ಕೆಟ್ಟೆವು. ಎಲ್ಲವೂ ತಾಜಾ, ಅಂಕಗಳೆಲ್ಲ 8, 9. ಜನರ ನಡುವಿನ ವ್ಯತ್ಯಾಸ ಚಿಕ್ಕದೇ ಆಗಿದ್ದರೂ ಐಸಿಸಿ ಕುಸಿಯಿತು, ಯಾಕೆಂದರೆ ಮೀನುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಬೆಳಗಿನದು, ಸಂಜೆಯದು, ನಿನ್ನೆಯದು, ಮಾರ್ಕೆಟ್ಟಿನಲ್ಲಿ ನಿಜವಾಗಿ ಸಿಗುವ ಎಲ್ಲವನ್ನೂ ತನ್ನಿ.