ಶಾಪಿಂಗ್ ಆ್ಯಪಲ್ಲಿ ಕ್ರೆಡಿಟ್ ಕಾರ್ಡ್ ಸೇವ್ ಮಾಡಿಟ್ಟರೆ ಅಪಾಯವೇ, ಪ್ರತಿ ಸಲ ನಂಬರ್ ಹೊಡೆಯೋದೇ ಸೇಫಾ?

ಸೇವ್ ಮಾಡೋ ವಿಷಯ ಆಮೇಲೆ. ಬ್ಯಾಂಕ್ ಆ್ಯಪಲ್ಲಿ ನಿಮ್ಮ ಕಾರ್ಡಿನ ಇಂಟರ್‌ನ್ಯಾಷನಲ್ ಸ್ವಿಚ್, ಅಂದರೆ ಹೊರದೇಶಕ್ಕೆ ದುಡ್ಡು ಕಟ್ಟೋಕೆ ಬಿಡೋ ಗುಂಡಿ, ಆನ್ ಇದೆಯಾ ನೋಡಿ ಮೊದಲು. ನಾನೂ ಎಲ್ಲೂ ಸೇವ್ ಮಾಡದೆ, ಪ್ರತಿ ಸಲ ಪರ್ಸ್ ತೆಗೆದು ಹದಿನಾರು ಅಂಕಿ ಹೊಡೀತಿದ್ದವನೇ. ಆದರೂ ದುಡ್ಡು ಹೋಯ್ತು.

ಅಕ್ಕನ ಮಗ ಹೊರದೇಶದ ಯೂನಿವರ್ಸಿಟಿಗೆ ಅರ್ಜಿ ಹಾಕ್ತಾ, "ಮಾಮ, ಫೀಸು ಡಾಲರಲ್ಲೇ ಕಟ್ಟಬೇಕಂತೆ" ಅಂದ. ಬ್ಯಾಂಕ್ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಆನ್ ಮಾಡಿದೆ. ಅದರ ಕೆಳಗೇ ಲಿಮಿಟ್ ಗೆರೆ. ಪದೇ ಪದೇ ಯಾರು ಎಳೀತಾರೆ ಅಂತ ಬಲತುದಿಗೆ ತಳ್ಳಿಬಿಟ್ಟೆ, ಅಂದರೆ ಕಾರ್ಡಿನ ಪೂರ್ತಿ ಲಿಮಿಟ್. ಫೀಸು ಕಟ್ಟಿ ಆಯ್ತು, ಸ್ವಿಚ್ ಹಾಗೇ ಉಳೀತು.

ಮರೆತೆ ಅಂತ ಮನೆಯವರಿಗೆ ಹೇಳಿದ್ದೀನಿ, ನಿಜ ಅಂದ್ರೆ ನೆನಪಿತ್ತು. ಒಟಿಪಿ ಇಲ್ಲದೆ ದುಡ್ಡು ಹೇಗೆ ಹೋಗುತ್ತೆ ಅನ್ನೋ ಧೈರ್ಯ! ಆರ್‌ಬಿಐ ಒಟಿಪಿಯಂಥ ಎರಡನೇ ಪರಿಶೀಲನೆ ಕಡ್ಡಾಯ ಮಾಡಿದ್ದು ಇಲ್ಲಿನ ಕಾರ್ಡಲ್ಲಿ ಇಲ್ಲಿನ ಅಂಗಡಿಗೆ ಕಟ್ಟುವಾಗ. ಹೊರದೇಶದ ಎಷ್ಟೋ ಸೈಟುಗಳು ಅದನ್ನ ಕೇಳೋದೇ ಇಲ್ಲ. ನಂಬರು, ಎಕ್ಸ್‌ಪೈರಿ, ಸಿವಿವಿ ಇದ್ದರೆ ಸಾಕು. ಕೆಲವಕ್ಕೆ ಸಿವಿವಿಯೂ ಬೇಡ. ಅಂದರೆ ನಾನು ಬೀಗ ಅಂತ ನಂಬಿಕೊಂಡಿದ್ದು ಆ ಬಾಗಿಲಲ್ಲಿ ಇರಲೇ ಇಲ್ಲ.

ಮೊದಲು 1 ಡಾಲರ್ ಕಟ್ ಆದ ಮೆಸೇಜ್ ಬಂತು. ಅಳಿಯಂದೇ ಏನೋ ಇರಬೇಕು ಅಂತ ಸುಮ್ಮನಾದೆ. ಕಾರ್ಡ್ ನಡೆಯುತ್ತಾ ಅಂತ ಕಳ್ಳರು ಹೀಗೇ ಚಿಲ್ಲರೆ ಹಾಕಿ ನೋಡೋದು. ಮಾರನೇ ರಾತ್ರಿ ನೂರಾರು ಡಾಲರ್, ಎರಡು ಸಲ. ಆ್ಯಪಲ್ಲಿ ಕಾರ್ಡ್ ಬ್ಲಾಕ್ ಮಾಡಿದೆ, ಆದರೆ ದೂರು ಕೊಡೋದನ್ನ ನಾದಿನಿ ಮದುವೆ ಮುಗೀಲಿ ಅಂತ ಮುಂದಕ್ಕೆ ಹಾಕಿದೆ. 2017ರ ಆರ್‌ಬಿಐ ನಿಯಮದಲ್ಲಿ ಇಂಥ ಮೋಸವನ್ನ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನ ಆದರೆ, 5 ಲಕ್ಷದವರೆಗಿನ ಲಿಮಿಟ್ ಇರೋ ಕಾರ್ಡಿಗೆ 10,000 ರೂಪಾಯಿವರೆಗೆ. ಆ ಹತ್ತು ಸಾವಿರ ನನ್ನ ತಲೆಗೇ ಬಂತು.

ಈಗ ನಿಮ್ಮ ಪ್ರಶ್ನೆ. ಪ್ರತಿ ಸಲ ನಂಬರ್ ಹೊಡೆಯೋದು ಸೇಫ್ ಅನ್ನೋದನ್ನೇ ನಾನು ಒಪ್ಪಲ್ಲ. ನಕಲಿ ಪೇಜಿಗೆ ಬೇಕಾಗಿರೋದೂ ಅದೇ, ನೀವು ಹೊಡೀಬೇಕು. 2022ರ ಅಕ್ಟೋಬರ್ 1ರಿಂದ ಇಲ್ಲಿನ ಅಂಗಡಿಗಳು ನಿಮ್ಮ ಕಾರ್ಡ್ ನಂಬರನ್ನ ಇಟ್ಟುಕೊಳ್ಳೋ ಹಾಗಿಲ್ಲ. ಸೇವ್ ಆಗೋದು ಆ ಅಂಗಡಿಗೆ ಮಾತ್ರ ನಡೆಯೋ ಟೋಕನ್, ಅಂದರೆ ನಂಬರಿನ ಬದಲಿಗೆ ಕೊಡೋ ಒಂದು ಕೋಡ್. ದಿನಸಿ ತರಿಸೋ ಆ್ಯಪಲ್ಲಿ ಧಾರಾಳವಾಗಿ ಸೇವ್ ಮಾಡಿ. ಹೊರದೇಶದ ಸೈಟಲ್ಲಿ ಬೇಡವೇ ಬೇಡ, ಟೋಕನ್ ನಿಯಮ ಅಲ್ಲಿಗಿಲ್ಲ. ಡಾಲರಲ್ಲಿ ಕಟ್ಟಲೇಬೇಕಾದರೆ ಅಷ್ಟಕ್ಕೇ ಲಿಮಿಟ್ ಇಟ್ಟು, ಕಟ್ಟಿ, ಅಲ್ಲೇ ಕೂತು ಆಫ್ ಮಾಡಿ. ಅರ್ಧ ನಿಮಿಷದ ಕೆಲಸ.