ಕ್ಲಬ್ ಮಟ್ಟದ ಚೆಸ್ ಆಟದಲ್ಲಿ ಒಂದು ಪಾನ್ (ಕಾಲಾಳು) ಜಾಸ್ತಿ ಇದ್ದರೂ ರೂಕ್ ಎಂಡ್‌ಗೇಮ್ ಯಾಕೆ ಡ್ರಾ ಆಗುತ್ತದೆ?

ಒಂದು ಪಾನ್ ಮೇಲಿದ್ದರೆ ಗೆದ್ದ ಹಾಗೇ ಅಂತ ಅನಿಸುತ್ತದೆ, ಅಲ್ವಾ? ರೂಕ್ ಎಂಡ್‌ಗೇಮ್‌ನಲ್ಲಿ, ಅಂದರೆ ರಾಜರು, ರೂಕ್‌ಗಳು, ಪಾನ್‌ಗಳಷ್ಟೇ ಉಳಿದ ಆಟದ ಕೊನೆಯ ಘಟ್ಟದಲ್ಲಿ, ಯಾವಾಗಲೂ ಹಾಗಲ್ಲ.

ಇಬ್ಬರಿಗೂ ಒಂದೊಂದು ರೂಕ್ ಇದೆ, ಬಿಳಿಯ ಪಾನ್ ಇ5ರಲ್ಲಿ (ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು), ರಾಜ ಡಿ5ರಲ್ಲಿ ಇದೆ ಅಂದುಕೊಳ್ಳಿ. ಕಪ್ಪು ರಾಜ ಇ8ರಲ್ಲಿ ದಾರಿಗೆ ಅಡ್ಡ ನಿಂತಿದೆ. ಕಪ್ಪು ತನ್ನ ರೂಕನ್ನು ಆರನೇ ಸಾಲಿನಲ್ಲಿ, ಬಿ6ರಲ್ಲಿ ಇಟ್ಟುಕೊಂಡರೆ ಸಾಕು, ಬಿಳಿ ರಾಜ ಮುಂದೆ ಬರೋದಕ್ಕೇ ಆಗಲ್ಲ. ಬೇರೆ ದಾರಿಯಿಲ್ಲದೆ ಬಿಳಿ ಪಾನನ್ನು ಇ6ಕ್ಕೆ ತಳ್ಳಿದ ಕೂಡಲೇ ಕಪ್ಪು ರೂಕ್ ಬಿ1ಕ್ಕೆ ಇಳಿದು ಹಿಂದಿನಿಂದ ಚೆಕ್ ಕೊಡುತ್ತಾ ಹೋಗುತ್ತದೆ, ಬಿಳಿ ರಾಜನಿಗೆ ಅವಿತುಕೊಳ್ಳಲು ಇದ್ದ ಇ6 ಮನೆಯಲ್ಲಿ ಈಗ ಅದರದೇ ಪಾನ್ ಕೂತಿದೆ. ಆಟ ಡ್ರಾ. ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ 1777ರಲ್ಲೇ ಇದನ್ನು ವಿವರಿಸಿದ್ದರು.

ಕಪ್ಪು ಕಡೆಯವರು ಎಡವೋದು ಎಲ್ಲಿ ಅಂದರೆ, ಹೆದರಿ ಸುಮ್ನೆ ಬೇಗ ಚೆಕ್ ಕೊಡೋಕೆ ಶುರು ಮಾಡುತ್ತಾರೆ, ಆರನೇ ಸಾಲು ಖಾಲಿಯಾಗುತ್ತದೆ, ಬಿಳಿ ರಾಜ ನುಗ್ಗುತ್ತದೆ. ಪಾನ್ ಆರನೇ ಸಾಲಿಗೆ ಬರೋವರೆಗೂ ತಾಳ್ಮೆಯಿಂದ ರೂಕನ್ನು ಆ ಸಾಲಿನಲ್ಲೇ ಅತ್ತಿತ್ತ ಆಡಿಸುತ್ತಿರಿ. ನನ್ನ ಪ್ರಕಾರ ಹೊಸ ಓಪನಿಂಗ್ (ಆಟದ ಆರಂಭದ ನಡೆಗಳು) ಕಲಿಯೋದಕ್ಕಿಂತ ಮೊದಲು ಇದನ್ನು ಕಲಿಯಬೇಕು, ಯಾಕಂದರೆ ರೂಕ್ ಎಂಡ್‌ಗೇಮ್‌ಗಳೇ ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗೋದು.