ಮಳೆಗಾಲದಲ್ಲಿ ಹೆಬ್ಬೆ ಬೇಡ, ಕಲ್ಲತ್ತಿಗಿರಿಗೆ ಹೋಗಿ

ನಮಸ್ಕಾರ. ಜುಲೈನಲ್ಲಿ ವಯಸ್ಸಾದ ಅಪ್ಪ ಅಮ್ಮ, ಆರು ವರ್ಷದ ಮಗಳ ಜೊತೆ ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿ ಹತ್ತಿರದ ಹೆಬ್ಬೆ ಜಲಪಾತಕ್ಕೆ ಹೋಗಬಹುದಾ ಅಂತ ಕೇಳಿದ್ದೀರಿ. ಈ ಸಲ ಬಿಟ್ಟುಬಿಡಿ. 168 ಮೀಟರ್ ಎತ್ತರದಿಂದ ಎರಡು ಹಂತದಲ್ಲಿ ಬೀಳುವ ನೀರು ಅದ್ಭುತವೇ, ಆದರೆ ಜೀಪಿನಲ್ಲಿ ಕುಲುಕಾಡಿ ಹೋದ ಮೇಲೂ ಹಳ್ಳ ದಾಟಿ ನಡೆಯಬೇಕು. ದೊಡ್ಡವರ ಮಂಡಿಗೆ ಅದು ಆಗದ ಕೆಲಸ.

ಬದಲಿಗೆ ಅದೇ ಕಡೆಯ ಕಲ್ಲತ್ತಿಗಿರಿ ಜಲಪಾತ ನೋಡಿ. ವೀರಭದ್ರ ದೇವಸ್ಥಾನದ ಪಕ್ಕದಲ್ಲೇ ನೀರು ಬೀಳುತ್ತದೆ, ಅಮ್ಮನಿಗೆ ದರ್ಶನವೂ ಆಯಿತು. ಶೃಂಗೇರಿ ಕಡೆ ಹೋಗುವುದಾದರೆ ಕಿಗ್ಗಾ ಹತ್ತಿರದ ಸಿರಿಮನೆ ಜಲಪಾತವೂ ಚೆನ್ನ, ಇಳಿಯಲು ಮೆಟ್ಟಿಲಿದೆ. ಕಿಗ್ಗಾದ ಋಷ್ಯಶೃಂಗ ಮಳೆ ಕೊಡುವ ದೇವರು, ಕೈಮುಗಿದೇ ಬನ್ನಿ!

ಒಂದು ಮಾತು ಮಾತ್ರ ದಯವಿಟ್ಟು ಕೇಳಿ: ಮಗಳನ್ನು ನೀರಿಗೆ ಇಳಿಸಬೇಡಿ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಹೊಯ್ದರೆ ಹಳ್ಳ ನೋಡನೋಡುತ್ತಲೇ ಏರುತ್ತದೆ. ತಿಳಿನೀರು ಕೆಂಪಾಯಿತು, ಕಸಕಡ್ಡಿ ತೇಲಿಬಂತು ಅಂದರೆ ತಕ್ಷಣ ದಂಡೆಯಿಂದ ಮೇಲೆ ಬನ್ನಿ. ಪಾಚಿಗಟ್ಟಿದ ಬಂಡೆ ಮೇಲೆ ಫೋಟೋ ಬೇಡವೇ ಬೇಡ.

ಉಂಬಳಕ್ಕೆ (ಜಿಗಣೆಗೆ) ಹೆದರಬೇಡಿ, ಉಪ್ಪು ಇಟ್ಟುಕೊಳ್ಳಿ. ಮಧ್ಯಾಹ್ನದ ಮೇಲೆ ಘಾಟಿಯಲ್ಲಿ ಮಂಜು ಕವಿಯಬಹುದು, ಬೆಳಿಗ್ಗೆಯೇ ಹೊರಡಿ.